ಇಂಜಿನ್ನಿಗೆ ಇಂಗ್ಲಿಷ್, ಡಬ್ಬಿಗೆ ಕನ್ನಡ

ನಾನು ಇಂಗ್ಲಿಷ್ ಕಲಿತದ್ದು ಲಾರಿಗಳ ಬೆನ್ನಿನಿಂದ. ಯಮಕನಮರಡಿಯಲ್ಲಿ ಹೈವೇ ಬದಿಗೆ ನಮ್ಮಪ್ಪನ ಚಹಾದ ಅಂಗಡಿ ಇತ್ತು. ಚಹಾಕ್ಕೆಂದು ನಿಂತ ಲಾರಿಗಳ ಹಿಂಬದಿಯಲ್ಲಿ ಬರೆದದ್ದನ್ನೆಲ್ಲ ಅಕ್ಷರ ಕೂಡಿಸಿ ಓದುವುದು, ಶಾಲೆ ಬಿಟ್ಟ ಮೇಲೆ ನನಗಿದ್ದ ಒಂದೇ ಆಟ. ಹಾರ್ನ್, ಸ್ಟಾಪ್, ಏರ್ ಬ್ರೇಕ್, ಕೀಪ್ ಡಿಸ್ಟನ್ಸ್, ಗುಡ್ಸ್ ಕ್ಯಾರಿಯರ್. ಮಾಸ್ತರರು ಎ ಅಕ್ಷರಕ್ಕೊಂದು ಶಬ್ದ ಹೇಳಿ ಎಂದಾಗ ಇಡೀ ವರ್ಗ ಆ್ಯಪಲ್ ಎಂದಿತು, ನಾನು ಏರ್ ಬ್ರೇಕ್ ಎಂದೆ. ಆ್ಯಪಲ್ಲನ್ನು ನಾನು ಅಲ್ಲಿಯವರೆಗೆ ತಿಂದಿರಲಿಲ್ಲ. ಏರ್ ಬ್ರೇಕಿನ ಬುಸ್ ಎನ್ನುವ ಸದ್ದನ್ನು ದಿನಾ ಕೇಳುತ್ತಿದ್ದೆ. ಮಾಸ್ತರರು ನಕ್ಕರು. ಅದರಲ್ಲಿ ನಗುವಂಥದ್ದೇನಿತ್ತೋ ನನಗೆ ಈಗಲೂ ತಿಳಿದಿಲ್ಲ.

ಮದುವೆಯಾಗಿ ಕಲ್ಲೋಳಿಗೆ ಬಂದೆ. ಇಲ್ಲಿ ಇಂಗ್ಲಿಷ್ ಜನರ ಬಾಯಲ್ಲೇ ಓಡಾಡುತ್ತಿತ್ತು. ಕಬ್ಬಿನ ಸೀಮೆ, ಓಣಿ ಓಣಿಗೆ ಟ್ರ್ಯಾಕ್ಟರ್. ಸಹಿ ಹಾಕಲು ಬಾರದ ಮುದುಕರೂ ಕ್ಲಚ್, ಗೇರ್, ಹಿಚ್, ಬೇರಿಂಗ್ ಎಂದು ಉಪ್ಪು ಖಾರದ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದರು. ಗಾಡಿಯ ಮಾತು ಗಾಡಿಗೇ ನಿಲ್ಲುತ್ತಲೂ ಇರಲಿಲ್ಲ. ಬೆಳಿಗ್ಗೆ ತಡವಾಗಿ ಏಳುವವನಿಗೆ ಪಿಕಪ್ ಇಲ್ಲ, ಮಾತು ಮುಗಿಸದವಳಿಗೆ ಬ್ರೇಕ್ ಇಲ್ಲ, ಹೆಂಡತಿ ತವರಿಗೆ ಹೋದವನು ನ್ಯೂಟ್ರಲ್‌ನಲ್ಲಿದ್ದಾನೆ. ನಾನು ಬಂದ ಹೊಸದರಲ್ಲಿ ನೆರೆಮನೆಯಾಕೆ ನಮ್ಮ ಅತ್ತೆಯನ್ನು, "ಇನ್ನ ಮನಿ ಸ್ಟೇರಿಂಗ್ ಸೊಸಿ ಕೈಯಾಗೇನ್ರಿ?" ಎಂದು ಕೆಣಕಿದಳು. ಅತ್ತೆ, "ಲರ್ನಿಂಗ್ ಲೈಸನ್ಸ್ ಕೊಟ್ಟೇನಿ. ಹೆಂಗ ಹೊಡೀತಾಳ ನೋಡೂಣು" ಎಂದರು. ಅತ್ತೆ ನನಗೆ ಅವತ್ತೇ ಹಿಡಿಸಿಬಿಟ್ಟರು.

ಅತ್ತೆಗೆ ಓದು ಬರಹ ಬಾರದು. ಆದರೆ ನಮ್ಮ ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ಅದರ ಹಿಂದೆ ನಿಂತು ಕೂಗುವ ಕೆಲಸ ಮೊದಲಿನಿಂದಲೂ ಅವರದೇ. ನಮ್ಮ ಕಡೆ ಯಾವ ಗಾಡಿಯೂ ಒಬ್ಬರ ಕೂಗಿಲ್ಲದೆ ಹಿಂದಕ್ಕೆ ಬರುವುದಿಲ್ಲ. ಕನ್ನಡಿ ಇರಲಿ, ಹಿಂದೆ ಬರೀ ಬಯಲೇ ಇರಲಿ, ಒಬ್ಬರು ನಿಂತು ಕೂಗಲೇಬೇಕು. ಕೂಗುವವರಿಲ್ಲದೆ ಹಿಂದಕ್ಕೆ ಬಂದ ಗಾಡಿ ಹೇಳದೆ ಕೇಳದೆ ಮನೆಯೊಳಗೆ ನುಗ್ಗಿದ ಹಾಗೆ. ಮಾವ ಬದುಕಿದ್ದಾಗ ಮಾವನಿಗೆ, ಆಮೇಲೆ ಮಗನಿಗೆ, ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೈ ಬೀಸುತ್ತ ಕೂಗುತ್ತಿದ್ದರು: "ಬರ್ಲಿ, ಬರ್ಲಿ, ಬರ್ಲಿ... ಕಟ್ ಹೊಡಿ... ಫುಲ್ ಕಟ್... ಹೋಲ್ಡಾನ್!"

ಈ ಹೋಲ್ಡಾನ್ ಬಸ್ಸಿನ ಕಂಡಕ್ಟರುಗಳಿಂದ ಬಂದದ್ದು. ಬಸ್ಸು ನಿಲ್ಲಬೇಕಾದರೆ ಅವರು ಹೋಲ್ಡಾನ್ ಎನ್ನುತ್ತಾರೆ, ಹೊರಡಬೇಕಾದರೆ ರೈಟ್ ಹೋಗ್ಲಿ ಎನ್ನುತ್ತಾರೆ. ಅತ್ತೆ ಇವೆರಡರಲ್ಲಿ ಒಂದನ್ನು ಮಾತ್ರ ಎತ್ತಿಕೊಂಡಿದ್ದರು. ಮುಂದಕ್ಕೆ ಹೋಗುವ ಗಾಡಿಗೆ ಯಾರ ಕೂಗೂ ಬೇಡವಲ್ಲ, ಅವರ ಪಾಲಿಗೆ ಬಂದದ್ದು ಹಿಂದಕ್ಕೆ ಬರುವ ಗಾಡಿ. ಅವರು ಹೋಲ್ಡಾನ್ ಎಂದರೆ ಗಾಡಿಯ ಜೊತೆಗೆ ಅಂಗಳದ ನಾಯಿಯೂ ನಿಲ್ಲುತ್ತಿತ್ತು.

ಕಳೆದ ವರ್ಷ ಕಬ್ಬಿನ ಹಂಗಾಮು ಶುರುವಾಗುವ ಮುಂಚೆ ನಮ್ಮ ಮನೆಯವರ ಬೆನ್ನು ಕೈಕೊಟ್ಟಿತು. ಗೋಕಾಕದ ಡಾಕ್ಟರು ಫೋಟೋ ತೆಗೆಸಿ ನೋಡಿ, ಬೆನ್ನಿನ ಮಣಿ ಸರಿದಿದೆ, ಇನ್ನು ಮುಂದೆ ಟ್ರ್ಯಾಕ್ಟರ್ ಸೀಟನ್ನು ಮರೆತುಬಿಡಿ ಎಂದರು. ಸುದ್ದಿ ಕೇಳಿ ಮೇಲವಂಕಿಯಿಂದ ಸಣ್ಣ ಮಾವ ಬಂದರು. ನಮ್ಮ ಮಾವನ ತಮ್ಮ ಅವರು. ಮಾವ ತೀರಿಕೊಂಡ ಮೇಲೆ ನಮ್ಮ ಮನೆಗೆ ಹಿರಿಯರೆಂದರೆ ಅವರೇ, ಅವರ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ. ಚಹಾ ಕುಡಿದು, ಮೀಸೆ ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು.

"ಗಾಡಿ ಮಾರಿಬಿಡ್ರಿ. ಹುಕ್ಕೇರಿ ಕಡೆ ಒಬ್ರು ಗಿರಾಕಿ ಅದಾರ. ನಾ ಮಾತಾಡೇನಿ."

ನಮ್ಮ ಮನೆಯವರು ಮಂಚದ ಮೇಲೆ ಮಲಗಿದ್ದವರು ಗೋಡೆಯ ಕಡೆ ಹೊರಳಿದರು. ಬೆನ್ನು ನೋವಿನಲ್ಲಿ ಹೊರಳುವುದು ಸುಲಭದ ಮಾತಲ್ಲ, ಆದರೂ ಹೊರಳಿದರು. ಆ ಟ್ರ್ಯಾಕ್ಟರನ್ನು ಅಪ್ಪ ಮಗ ಕೂಡಿ ತಂದದ್ದು. ಗಾಡಿ ಅಂಗಳ ಬಿಟ್ಟು ಹೋದರೆ ಈ ಮನುಷ್ಯ ಮಂಚ ಬಿಟ್ಟು ಏಳುವುದಿಲ್ಲ ಎಂದು ನನಗೆ ಆಗಲೇ ಖಾತ್ರಿಯಾಯಿತು. ಅದು ಒಂದು ಕಾರಣ. ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ: ಆ ಗಾಡಿಯನ್ನು ಓಡಿಸಬೇಕೆಂದು ನನಗೇ ಬಹಳ ಆಸೆಯಿತ್ತು.

"ಮಾವಾರ, ನಾ ಹೊಡೀತೇನ್ರಿ. ಲೈಸನ್ಸ್ ಐತಿ ನಂದು," ಎಂದೆ. ಸುಳ್ಳಲ್ಲ, ಗೋಕಾಕಕ್ಕೆ ಹೋಗಿ ಪರೀಕ್ಷೆ ಕೊಟ್ಟು ತಂದದ್ದು. ರಸ್ತೆಯ ಫಲಕಗಳನ್ನು ತೋರಿಸಿ ಕೇಳಿದಾಗ ಗಿವ್ ವೇ, ನೋ ಓವರ್‌ಟೇಕಿಂಗ್, ಸ್ಪೀಡ್ ಬ್ರೇಕರ್ ಎಂದು ಪಟಪಟ ಹೇಳಿದ್ದೆ. ಮೂಡಲಗಿಯ ಸಂತೆಗೆ, ಹಿಂದೆ ಏನೂ ಕಟ್ಟದೆ ಬರೀ ಇಂಜಿನ್ ಓಡಿಸಿಕೊಂಡು ಹೋಗಿಬಂದದ್ದೂ ಇತ್ತು.

ಸಣ್ಣ ಮಾವ ನಕ್ಕರು. "ರೋಡ್ ಮ್ಯಾಲೆ ಮುಂದಕ ಯಾರರ ಹೊಡೀತಾರವಾ. ಹೊಲದಾಗ, ಫ್ಯಾಕ್ಟರಿ ಯಾರ್ಡಿನ್ಯಾಗ ಡಬ್ಬಿ ಹಚ್ಚಿ ಹಿಂದಕ ತಗೋಳಾಕ ಬರ್ತೈತೇನ ನಿನಗ?"

ಡಬ್ಬಿ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರ್. ಅದನ್ನು ಕಟ್ಟಿಕೊಂಡು ಹಿಂದಕ್ಕೆ ಬರುವುದಿದೆಯಲ್ಲ, ಅದು ಬೇರೆಯದೇ ವಿದ್ಯೆ. ನನಗೆ ಬರುತ್ತಿರಲಿಲ್ಲ. ಸಣ್ಣ ಮಾವ ಗೆದ್ದ ಖುಷಿಯಲ್ಲಿ ಇನ್ನೊಂದು ಮಾತು ಹೆಚ್ಚಿಗೆ ಆಡಿದರು. "ಮೂಡಲಗ್ಯಾಗ ರಿವರ್ಸ್ ಪಂದ್ಯ ಇಟ್ಟಾರಲ್ಲ, ಅದರಾಗ ಕಡೀತನಕಾ ಹೋಗಿ ತೋರ್ಸು. ಆಮ್ಯಾಲೆ ಗಾಡಿ ಮಾರೂ ಮಾತ ನಾ ಎತ್ತೂದಿಲ್ಲ."

"ಖರೇನ್ರಿ ಮಾವಾರ?"

"ಖರೆ."

ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಪಂದ್ಯ ಎಂದರೆ ಬೇರೆ ಸೀಮೆಯವರಿಗೆ ನಗು ಬಂದೀತು. ನಮ್ಮಲ್ಲಿ ಅದಕ್ಕೆ ಕುಸ್ತಿಗೆ ಸೇರಿದಷ್ಟೇ ಜನ ಸೇರುತ್ತಾರೆ. ಬೆಳೆ ಕೊಯ್ದು ತೆರವಾದ ಹೊಲದಲ್ಲಿ ಸುಣ್ಣದ ಪುಡಿಯಿಂದ ದಾರಿ ಗೀಚುತ್ತಾರೆ. ನಡುವೆ ಒಂದು ದೊಡ್ಡ ತಿರುವು ಇಡುತ್ತಾರೆ. ಡಬ್ಬಿ ಹಚ್ಚಿಕೊಂಡು ಗೆರೆ ಮುಟ್ಟದೆ ಹಿಂದಕ್ಕೆ ಹೋಗಬೇಕು, ಒಂದು ಗೇಣೂ ಮುಂದಕ್ಕೆ ಬರುವಂತಿಲ್ಲ. ಬಹಳ ಜನ ತಿರುವಿನಲ್ಲೇ ಮುಗಿದುಹೋಗುತ್ತಾರೆ.

ಮರುದಿನವೇ ಅಂಗಳದಲ್ಲಿ ಅಭ್ಯಾಸ ಶುರು ಮಾಡಿದೆ. ಅತ್ತೆ ಎಂದಿನಂತೆ ಹಿಂದೆ ನಿಂತರು. "ಬರ್ಲಿ, ಬರ್ಲಿ... ಎಡಕ್ಕ ಬರ್ಲಿ... ಲೆಫ್ಟ್, ಲೆಫ್ಟ್!" ನಾನು ಸ್ಟೇರಿಂಗನ್ನು ಲೆಫ್ಟಿಗೆ ತಿರುಗಿಸಿದೆ. ಡಬ್ಬಿ ಬಲಕ್ಕೆ ಹೋಯಿತು. "ಲೆಫ್ಟ್ ಅಂದ್ನಲ್ಲ!" ಎಂದು ಅತ್ತೆ ಕಿರುಚಿದರು. ನಾನು ಇನ್ನಷ್ಟು ಲೆಫ್ಟಿಗೆ ತಿರುಗಿಸಿದೆ. ಡಬ್ಬಿ ಇನ್ನಷ್ಟು ಬಲಕ್ಕೆ ಹೋಗಿ ಬಚ್ಚಲಮನೆಯ ಗೋಡೆಗೆ ಗುದ್ದಿತು. ಒಳಗೆ ನೀರು ಕಾಯಿಸುವ ಹಂಡೆ ಉರುಳಿದ ಸದ್ದು ಕೇಳಿಸಿತು.

"ಕಿವಿ ಕೇಳ್ಸೂದಿಲ್ಲೇನ ನಿನಗ?"

"ನೀವು ಹೇಳಿದ್ದಽ ಮಾಡಿನಿ ಅತ್ತೀರ!"

"ನಾ ಹೇಳಿದ್ದು ಲೆಫ್ಟ್!"

"ನಾ ಹೊಡದಿದ್ದೂ ಲೆಫ್ಟಽ!"

ಓಣಿಯವರು ಬಾಗಿಲಿಗೆ ಬಂದು ನಿಂತರು. ನನಗೆ ಸಿಟ್ಟು ನೆತ್ತಿಗೇರಿ, ಇಳಿದು ಟೈರಿಗೆ ಒಂದು ಒದೆ ಕೊಟ್ಟೆ. ಟೈರಿಗೆ ಏನೂ ಆಗಲಿಲ್ಲ. ಎರಡು ದಿನ ನಾನು ಕುಂಟುತ್ತಾ ಅಡುಗೆ ಮಾಡಿದೆ.

ಮಂಚದ ಮೇಲಿದ್ದವರನ್ನು ಕೇಳಿದೆ. "ಅತ್ತೀರು ಲೆಫ್ಟ್ ಅಂದಾಗ ನೀವು ಏನ ಮಾಡ್ತಿದ್ರಿ?" ಅವರು ಗಾಳಿಯಲ್ಲಿ ಕೈ ತಿರುಗಿಸಿ ನೋಡಿ, ಕೊನೆಗೆ, "ಅದು ಹಂಗ ಬರ್ತೈತಿ" ಎಂದರು. ಅವರ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಆದರೆ ಗಾಳಿಯಲ್ಲಿ ತಿರುಗಿದ ಆ ಕೈಯನ್ನು ನಾನು ನೋಡಿದ್ದೆ. ಅದು ಬಲಕ್ಕೆ ತಿರುಗಿತ್ತು.

ಆಗ ವಿಷಯ ತಲೆಗೆ ಹೊಕ್ಕಿತು. ಹಿಂದಕ್ಕೆ ಬರುವಾಗ ಡಬ್ಬಿ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಬೇಕು. ಅತ್ತೆ ಡಬ್ಬಿಯನ್ನು ನೋಡಿ ಕೂಗುತ್ತಿದ್ದರು, ನಾನು ಸ್ಟೇರಿಂಗ್ ಹಿಡಿದು ಕೇಳುತ್ತಿದ್ದೆ. ಅಪ್ಪ ಮಗ ಇಬ್ಬರೂ ಇಷ್ಟು ವರ್ಷ ಅವರ ಕೂಗನ್ನು ಉಲ್ಟಾ ಮಾಡಿಕೊಂಡು ತಿರುಗಿಸುತ್ತಿದ್ದರು. ಹಾಗೆ ಮಾಡುತ್ತಿದ್ದೇವೆಂದು ಅವರಿಗೂ ಗೊತ್ತಿರಲಿಲ್ಲ, ಕೂಗುತ್ತಿದ್ದ ಅತ್ತೆಗೂ ಗೊತ್ತಿರಲಿಲ್ಲ.

ಸಂಜೆ ರೊಟ್ಟಿ ಬಡಿಯುತ್ತ ಅತ್ತೆಯ ಜೊತೆ ರಾಜಿ ಮಾಡಿಕೊಂಡೆ. ಇವತ್ತಿನಿಂದ ಇಂಗ್ಲಿಷ್ ಪೂರ್ತಿ ಇಂಜಿನ್ನಿಗೆ, ಕನ್ನಡ ಪೂರ್ತಿ ಡಬ್ಬಿಗೆ. ಡಬ್ಬಿ ಯಾವ ಕಡೆ ಹೋಗಬೇಕೋ ಅದನ್ನು ಅತ್ತೆ ಕನ್ನಡದಲ್ಲೇ ಕೂಗಬೇಕು. ಅದಕ್ಕೆ ಸ್ಟೇರಿಂಗ್ ಏನು ಮಾಡಬೇಕೋ ಅದನ್ನು ನಾನು ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಿ ತಿರುಗಿಸಬೇಕು. "ಡಬ್ಬಿ ಎಡಕ್ಕ" ಎಂದು ಅವರು, "ರೈಟ್ ಕಟ್" ಎಂದು ನಾನು. ಡಬ್ಬಿ ತಿರುಗತೊಡಗಿದ ಕೂಡಲೇ "ಬೆನ್ನ ಹತ್ತು" ಎಂದು ಅವರು, "ಲೆಫ್ಟ್ ಕಟ್" ಎಂದು ನಾನು, ಯಾಕೆಂದರೆ ತಿರುಗಿದ ಡಬ್ಬಿಯ ಬೆನ್ನು ಹತ್ತದಿದ್ದರೆ ಅದು ಮಡಚಿಕೊಂಡು ಇಂಜಿನ್ನಿಗೇ ಬಡಿಯುತ್ತದೆ.

"ಹಂಗಾರ ಹೋಲ್ಡಾನ್?" ಅತ್ತೆಗೆ ಚಿಂತೆಯಾಯಿತು. "ಅದು ಇಂಗ್ಲಿಷ್ ಅಲ್ಲೇನ? ನಾ ಏನ ಅನ್ಲಿ?"

"ಅದು ನಿಮ್ಮದಽ ಇರ್ಲಿ ಅತ್ತೀರ," ಎಂದೆ. ಆ ಶಬ್ದವನ್ನು ಅವರಿಂದ ಕಿತ್ತುಕೊಳ್ಳುವಷ್ಟು ಕಟುಕಿ ನಾನಲ್ಲ.

ಅಂಗಳದಲ್ಲಿ, ಹೊಲದ ದಾರಿಯಲ್ಲಿ, ಕಾಲುವೆ ಏರಿಯ ಮೇಲೆ ನಮ್ಮಿಬ್ಬರ ಸವಾಲು ಜವಾಬು ನಡೆಯಿತು. ಓಣಿಯವರು ಮೊದಲು ನಕ್ಕರು, ಆಮೇಲೆ ಅವರಿಗೂ ಬಾಯಿಪಾಠವಾಯಿತು. ನೀರಿಗೆ ಹೊರಟ ಹೆಂಗಸರು ದೂರದಿಂದಲೇ "ಡಬ್ಬಿ ಬಲಕ್ಕ!" ಎಂದು ಕೂಗಿ ನಾನು ಏನನ್ನುತ್ತೇನೆಂದು ನಿಂತು ನೋಡುತ್ತಿದ್ದರು. ನಾನು ತಪ್ಪದೆ "ಲೆಫ್ಟ್ ಕಟ್" ಎನ್ನುತ್ತಿದ್ದೆ. ಬಚ್ಚಲಮನೆಯ ಗೋಡೆ ಇನ್ನೊಂದು ಸಲ ಪೆಟ್ಟು ತಿಂದಿತು, ಆಮೇಲೆ ಬದುಕಿಕೊಂಡಿತು.

ಪಂದ್ಯದ ದಿನ ನಾನೇ ಗಾಡಿ ಓಡಿಸಿಕೊಂಡು ಮೂಡಲಗಿಗೆ ಹೊರಟೆ. ಅತ್ತೆ ಹೊಸ ಸೀರೆ ಉಟ್ಟು ಮಡ್‌ಗಾರ್ಡ್ ಮೇಲೆ ಕೂತರು. ನಮ್ಮ ಮನೆಯವರು ಬರುವಂತಿರಲಿಲ್ಲ. ಹೊರಡುವಾಗ ಮಂಚದಿಂದಲೇ, "ಡೀಸೆಲ್ ಐತಿಲ್ಲ?" ಎಂದು ಕೇಳಿದರು. ಅವರ ಬಾಯಲ್ಲಿ ಅದು ಆಶೀರ್ವಾದ.

ಗೋವಿನಜೋಳ ಕೊಯ್ದ ಹೊಲದ ತುಂಬ ಜನ. ಹಗ್ಗದ ಆಚೆ ಸಣ್ಣ ಮಾವ ಬಿಳಿ ಟೊಪ್ಪಿಗೆ ಹಾಕಿಕೊಂಡು ಮುಂದಿನ ಸಾಲಿನಲ್ಲೇ ನಿಂತಿದ್ದರು. ಮೈಕ್ ಹಿಡಿದವನು ನನ್ನನ್ನು ಕಂಡದ್ದೇ, "ಲೇಡೀಸ್ ಡ್ರೈವರ್ ಬಂದಾರ! ಎಲ್ಲಾರೂ ಹಿಂದ ಸರೀರಿ, ಹಿಂದ ಸರೀರಿ!" ಎಂದು ಕೂಗಿದ. ಜನ ಹೋ ಎಂದು ನಕ್ಕರು. ಅಲ್ಲಿ ಬಂದಿದ್ದ ಅಷ್ಟೊಂದು ಗಂಡಸರಲ್ಲಿ ಒಬ್ಬನಿಗೂ ಅವನು ಜೆಂಟ್ಸ್ ಡ್ರೈವರ್ ಎನ್ನಲಿಲ್ಲ. ನನಗೆ ಮೈಯೆಲ್ಲ ಉರಿಯಿತು, ಆ ಉರಿ ಒಳ್ಳೆಯದೇ ಆಯಿತು. ಸ್ಟೇರಿಂಗ್ ಬಿಗಿಯಾಗಿ ಹಿಡಿದು ಗಾಡಿಯನ್ನು ಸಾಲಿಗೆ ತಂದು ನಿಲ್ಲಿಸಿದೆ.

ನನಗಿಂತ ಮುಂಚೆ ಹೋದವರನ್ನು ನೋಡುತ್ತ ಕೂತೆ. ಚೆನ್ನಾಗಿ ಓಡಿಸುತ್ತಿದ್ದರು, ಸುಳ್ಳೇಕೆ ಹೇಳಲಿ. ಆದರೆ ಎಲ್ಲರಿಗೂ ಒಂದೇ ಗುಂಗು: ಎಲ್ಲೂ ನಿಲ್ಲಿಸದೆ ಒಂದೇ ಉಸಿರಿಗೆ ಹೋಗಬೇಕು. ನಡುವೆ ನಿಲ್ಲಿಸಿದವನು ಡ್ರೈವರೇ ಅಲ್ಲ ಎಂಬುದು ನಮ್ಮ ಕಡೆಯ ಗಂಡಸರ ನಂಬಿಕೆ. ನಿಲ್ಲಿಸಬಾರದೆಂದು ಪಂದ್ಯದ ನಿಯಮದಲ್ಲಿ ಎಲ್ಲೂ ಇರಲಿಲ್ಲ, ಅವರ ಮೀಸೆಯಲ್ಲಿತ್ತು. ಹಾಗಾಗಿ ಒಬ್ಬೊಬ್ಬರೂ ರಭಸದಿಂದ ತಿರುವಿಗೆ ಹೋಗುವುದು, ಡಬ್ಬಿ ಮಡಚಿಕೊಳ್ಳುವುದು, ಸುಣ್ಣದ ಗೆರೆ ಅಳಿಸುವುದು. ಗೋಕಾಕ ಕಡೆಯ ಒಬ್ಬ ಗಡ್ಡದವನು ಮಾತ್ರ ಕೊನೆ ಮುಟ್ಟಿದ್ದ.

ನನ್ನ ಸರದಿ ಬಂತು. ಅತ್ತೆ ಸೆರಗು ಸಿಕ್ಕಿಸಿ ಡಬ್ಬಿಯ ಹಿಂದಕ್ಕೆ ನಡೆದರು. ಪಂದ್ಯ ನಡೆಸುವವರು ತಡೆದರು.

"ಆಯಿ, ಹಿಂದ ಯಾರೂ ನಿಂದ್ರಂಗಿಲ್ರಿ. ಹೊರಗಿನವ್ರು ಕೂಗಿದ್ರ ಡ್ರೈವರ್ ಔಟ್ ಆಗ್ತಾರ."

"ಕೂಗೂರು ಇಲ್ದ ಗಾಡಿ ಹೆಂಗಪಾ ಹಿಂದಕ ಬರ್ತೈತಿ?" ಅತ್ತೆಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಬಾಕಿಯವರಿಗೆ ಯಾರೂ ಕೂಗದಿದ್ದದ್ದನ್ನು ನೋಡಿಯೂ, ಅದು ಅವರ ಮನೆಯಲ್ಲಿ ಕೂಗುವವರು ಇಲ್ಲದ್ದಕ್ಕೆ ಎಂದುಕೊಂಡಿದ್ದರಂತೆ. ಅವರನ್ನು ಹಗ್ಗದ ಆಚೆಗೆ, ಸಣ್ಣ ಮಾವನ ಬಾಜೂಕ್ಕೆ ಕರೆದೊಯ್ದು ನಿಲ್ಲಿಸಿದರು. ಅಲ್ಲಿಂದ ನನ್ನ ಕಡೆ ನೋಡಿದ ಅವರ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಾಯಿ ತಪ್ಪಿ ಕೂಗಿಬಿಟ್ಟೇನೆಂದು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು.

ನನಗೂ ಹೆದರಿಕೆಯಾಯಿತು. ಇಲ್ಲ ಎನ್ನುವುದಿಲ್ಲ. ಆಮೇಲೆ ಹೊರಗಿನವರು ಎಂಬ ಮಾತು ನೆನಪಾಯಿತು. ಹೊರಗಿನವರು ತಾನೆ ಕೂಗಬಾರದು? ಸೀಟಿನ ಮೇಲೆ ಕೂತ ನನ್ನ ಬಾಯನ್ನು ಯಾರೂ ಕಟ್ಟಿರಲಿಲ್ಲವಲ್ಲ.

ರಿವರ್ಸ್ ಗೇರ್ ಹಾಕಿದೆ. "ಬರ್ಲಿ, ಬರ್ಲಿ, ಬರ್ಲಿ," ಎಂದು ನಾನೇ ಕೂಗಿದೆ, ಅತ್ತೆಯ ರಾಗದಲ್ಲೇ, ಇಂಜಿನ್ ಸದ್ದನ್ನು ಮೀರಿ. ಡಬ್ಬಿ ನೆಟ್ಟಗೆ ಹಿಂದಕ್ಕೆ ಸಾಗಿತು. ತಿರುವು ಬಂತು. "ಡಬ್ಬಿ ಎಡಕ್ಕ!" ಎಂದೆ ಅತ್ತೆಯಾಗಿ. "ರೈಟ್ ಕಟ್!" ಎಂದೆ ನಾನಾಗಿ. ಮೈಕಿನವನು, "ಅಕ್ಕಾರು ಯಾರ ಜೋಡಿ ಮಾತಾಡಾಕತ್ತಾರ?" ಎಂದ. ಜನ ಮತ್ತೆ ನಕ್ಕರು. ನಗಲಿ. ಡಬ್ಬಿ ತಿರುಗತೊಡಗಿತು. "ಬೆನ್ನ ಹತ್ತು!" "ಲೆಫ್ಟ್ ಕಟ್!" ಒಂದು ಕ್ಷಣ ತಡವಾಗಿತ್ತು. ಡಬ್ಬಿ ಬೇಕಾದ್ದಕ್ಕಿಂತ ಹೆಚ್ಚು ತಿರುಗಿ, ಅದರ ಗಾಲಿ ಬಿಳಿ ಗೆರೆಗೆ ಸಮೀಪ ಬಂತು.

"ಹೋಲ್ಡಾನ್!" ಎಂದು ಗಂಟಲು ಹರಿಯುವಂತೆ ಕೂಗಿ, ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿಬಿಟ್ಟೆ.

ಹೊಲದ ತುಂಬ ಸೀಟಿ. "ನಿಂತ್ತಪೋ ನಿಂತ್ತು!" ಯಾರೋ "ಗಾಡಿ ಮನಿಗಿ ಹೊಡೀರಿ" ಎಂದರು. ನಾನು ಅವಸರ ಮಾಡಲಿಲ್ಲ. ನಿಂತ ಗಾಡಿಯಲ್ಲಿ ಕೂತು ಹಿಂದೆ ನೋಡಿದೆ. ಗಾಲಿಗೂ ಗೆರೆಗೂ ನಡುವೆ ಕೈ ತೂರಿಸುವಷ್ಟು ಜಾಗವಿತ್ತು. ಆ ಜಾಗ ಸಾಕಾಗಿತ್ತು. ಇನ್ನೂ ಸ್ವಲ್ಪ ಲೆಫ್ಟಿಗೆ ತಿರುಗಿಸಿಕೊಂಡು ಇಂಚು ಇಂಚಾಗಿ ಬಿಟ್ಟೆ. ಇಂಜಿನ್ ಡಬ್ಬಿಯ ಬೆನ್ನು ಹತ್ತಿ ಬಂತು. ಮತ್ತೆ ಹೋಲ್ಡಾನ್. ಮತ್ತೆ ನೋಡಿದೆ. ಮತ್ತೆ ಬಿಟ್ಟೆ. ತಿರುವು ಮುಗಿಯುವ ಹೊತ್ತಿಗೆ ಸೀಟಿಗಳು ನಿಂತುಹೋಗಿದ್ದವು. ಕೊನೆಯ ನೆಟ್ಟನೆಯ ದಾರಿಯಲ್ಲಿ ನನ್ನ ಜೊತೆಗೆ ಇನ್ನೂ ಕೆಲವು ದನಿಗಳು "ಬರ್ಲಿ, ಬರ್ಲಿ" ಎನ್ನುತ್ತಿದ್ದುದು ಕೇಳಿಸಿತು. ಹೊರಗಿನವರು ಕೂಗಿದರೆ ನಾನು ಔಟ್ ಆಗಬೇಕಿತ್ತು. ಆದರೆ ಆಗ ಪಂದ್ಯ ನಡೆಸುವವರೇ ಕೂಗುತ್ತಿದ್ದರು.

ಕೊನೆಯ ಗೆರೆ ದಾಟಿ ಬ್ರೇಕ್ ಒತ್ತಿದಾಗ ಅತ್ತೆ ಹಗ್ಗ ಎತ್ತಿ ಓಡಿಬಂದರು. ಹಲ್ಲಿನಲ್ಲಿ ಕಚ್ಚಿದ್ದ ಸೆರಗು ಹರಿದಿತ್ತು. ಹೊಸ ಸೀರೆ. ಗಡ್ಡದವನು ನನಗಿಂತ ಬೇಗ ಮುಟ್ಟಿದ್ದರಿಂದ ಮೊದಲ ಬಹುಮಾನ ಅವನಿಗೆ ಹೋಯಿತು. ನನಗೆ ಎರಡನೆಯದು, ಗಾಡಿಯ ಕೀಲುಗಳಿಗೆ ಗ್ರೀಸ್ ಹೊಡೆಯುವ ಒಂದು ಗ್ರೀಸ್ ಗನ್. ಅದನ್ನು ನಾನು ಈಗಲೂ ಷೋಕೇಸಿನಲ್ಲಿಟ್ಟಿಲ್ಲ, ದಿನಾ ಬಳಸುತ್ತೇನೆ. ಅವನು ಬಂದು ಕೈ ಮುಗಿದು, "ಅಕ್ಕಾರ, ಆ ತಿರುವಿನ್ಯಾಗ ನಿಲ್ಸಾಕ ಧೈರ್ಯ ಬೇಕ್ರಿ" ಎಂದ. ಮೊದಲ ಬಹುಮಾನ ಸಿಕ್ಕಿದ್ದರೂ ನನಗೆ ಅಷ್ಟು ಹೆಮ್ಮೆಯಾಗುತ್ತಿರಲಿಲ್ಲ.

ಸಣ್ಣ ಮಾವ ಹತ್ತಿರ ಬಂದರು. "ನಾನೂ ಬರ್ತೇನವಾ ಕಲ್ಲೋಳಿಗೆ," ಎಂದು ಡಬ್ಬಿ ಹತ್ತಿ, ಮುಂದಿನ ಹಲಗೆ ಹಿಡಿದು ನಿಂತರು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವರ ಬಿಳಿ ಟೊಪ್ಪಿಗೆ ಅಲುಗುವುದು ಕಾಣುತ್ತಿತ್ತು. ನಾನು ಬೇಕಂತಲೇ ಸ್ಪೀಡ್ ಬ್ರೇಕರುಗಳನ್ನು ನಿಧಾನವಾಗಿ ಹತ್ತಿಸಿ ಇಳಿಸಿದೆ. ಹಿರಿಯರು, ಬಿದ್ದುಗಿದ್ದಾರು.

ಮನೆ ಮುಟ್ಟಿದಾಗ ನಮ್ಮ ಮನೆಯವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮಂಚದ ಮೇಲೆ ಅಲ್ಲ, ಬಾಗಿಲಲ್ಲಿ, ನಿಂತು. ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಶೆಡ್ಡಿನೊಳಗೆ ನಿಲ್ಲಿಸಬೇಕಿತ್ತು. ಸಣ್ಣ ಮಾವ ಡಬ್ಬಿಯಿಂದ ಇಳಿದವರು ಅಭ್ಯಾಸಬಲದಿಂದ ಹಿಂದಕ್ಕೆ ಹೋಗಿ ಕೈ ಎತ್ತಿದರು. ಅತ್ತೆ ಅವರ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದರು.

"ಬಾಜೂ ನಿಂದ್ರಪಾ. ಅಕಿಗೆ ಯಾರೂ ಕೂಗೂದು ಬ್ಯಾಡ."

ಶೆಡ್ಡಿನೊಳಗೆ ಗಾಡಿ ನಿಲ್ಲಿಸಿ ಇಂಜಿನ್ ಬಂದ್ ಮಾಡಿದೆ. ಆ ಸದ್ದು ನಿಂತದ್ದರಿಂದ ಸಣ್ಣ ಮಾವ ಫೋನಿನಲ್ಲಿ ಮಾತಾಡುವುದು ನಮಗೆಲ್ಲ ಕೇಳಿಸಿತು. ಆ ಕಡೆ ಹುಕ್ಕೇರಿಯ ಗಿರಾಕಿ.

"ಇಲ್ರಿ, ಗಾಡಿ ಕೊಡೂದಿಲ್ರಿ... ಹೌದ್ರಿ, ಮಾತ ಕೊಟ್ಟಿದ್ದೆ, ತಪ್ಪಾತು... ರೊಕ್ಕದ ಮಾತಲ್ರಿ ಇದು. ಡ್ರೈವರ್ ಸಿಕ್ಕಾರ... ಎಲ್ಲಿಂದ ಬಂದ್ರ ಅಂತೀರಿ?" ಅವರು ಶೆಡ್ಡಿನ ಕಡೆ ತಿರುಗಿದರು. "ಮನ್ಯಾಗಽ ಇದ್ರು. ನಮಗಽ ಕಂಡಿರ್ಲಿಲ್ಲ."

ಆ ಹಂಗಾಮಿನ ಮೊದಲ ದಿನ ಬೆಳಿಗ್ಗೆ ಹೊಲದಲ್ಲಿ ಕಬ್ಬು ಹೇರಿ, ಡಬ್ಬಿಯನ್ನು ಹಗ್ಗ ಬಿಗಿದು ಕಟ್ಟಿ, ಫ್ಯಾಕ್ಟರಿಗೆ ಹೊರಟೆ. ಅತ್ತೆ ಬದುವಿನ ಮೇಲೆ ನಿಂತಿದ್ದರು. ಹಿಂದಕ್ಕೆ ಬರುವ ಕೆಲಸ ಇರಲಿಲ್ಲ, ಕೂಗಬೇಕಾದ್ದೇನೂ ಇರಲಿಲ್ಲ. ನಾನು ಗೇರ್ ಹಾಕಿದೆ. ಅವರು ಡಬ್ಬಿಯ ಹಲಗೆಗೆ ಅಂಗೈಯಿಂದ ದಪ್ ದಪ್ ಎಂದು ಬಡಿದು, ಇಷ್ಟು ವರ್ಷ ಬಾಯಲ್ಲೇ ಉಳಿದಿದ್ದ ಕಂಡಕ್ಟರನ ಆ ಇನ್ನೊಂದು ಮಾತನ್ನು ಇಡೀ ಹೊಲಕ್ಕೆ ಕೇಳುವಂತೆ ಕೂಗಿದರು.

"ರೈಟ್, ಹೋಗ್ಲಿ!"